ಅಂಗಳಕ್ಕೆ ಅಚ್ಚಿನ ಕಾಂಕ್ರೀಟ್ ಬೇಕೇ?

ಸಹೋದರಿಯರೇ, ಮನೆ ಕಟ್ಟಿ ಮುಗಿಯುವಾಗ ಉಳಿಯುವ ಪ್ರಶ್ನೆ ಅಂಗಳದ್ದು. ಕಲ್ಲು ಹಾಸಿದಂತೆ ಕಾಣುವ ಸ್ಟಾಂಪ್ಡ್ ಕಾಂಕ್ರೀಟ್ ನಿಮ್ಮನ್ನೂ ಸೆಳೆದಿರಬಹುದು. ಹಸಿ ಕಾಂಕ್ರೀಟಿನ ಮೇಲೆ ಬಣ್ಣದ ಪುಡಿ ಎರಚಿ, ರಬ್ಬರಿನ ಅಚ್ಚು ಒತ್ತಿ, ಒಣಗಿದ ಮೇಲೆ ಸೀಲರ್ ಬಳಿಯುತ್ತಾರೆ. ನೋಡಲು ಚೆಂದ, ಗುಡಿಸಲು ಸುಲಭ.

ಆದರೆ ಕರಾವಳಿಯಲ್ಲಿ ಮನೆಯಿರುವವರು ಮೊದಲು ಮಳೆಗಾಲವನ್ನು ನೆನೆಯಬೇಕು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ನುಣುಪಾದ ಸೀಲರಿನ ಮೇಲೆ ಪಾಚಿ ಕಟ್ಟಿದರೆ ವಯಸ್ಸಾದ ಅತ್ತೆಗೂ ಬಸುರಿ ಸೊಸೆಗೂ ಅಪಾಯ. ಬಾವಿಕಟ್ಟೆ, ಬಟ್ಟೆ ಒಗೆಯುವ ಜಾಗ, ವುಝೂ ಮಾಡುವ ನಳ್ಳಿಯ ಸುತ್ತ ಇದು ಬೇಡ. ಒರಟಾದ ಚಪ್ಪಡಿ ಕಲ್ಲೇ ಲೇಸು. ಇಡೀ ಅಂಗಳ ಮುಚ್ಚಿದರೆ ಮಳೆನೀರು ಮಣ್ಣಿಗಿಳಿಯದೆ ರಸ್ತೆಗೆ ಹರಿದುಹೋಗುತ್ತದೆ.

ಖರ್ಚನ್ನೂ ಲೆಕ್ಕ ಹಾಕಿ. ಎರಡು ಮೂರು ವರ್ಷಕ್ಕೊಮ್ಮೆ ಸೀಲರ್ ಬಳಿಸಬೇಕು. ಪೈಪು ಒಡೆದು ಅಗೆದರೆ ತೇಪೆಯ ಬಣ್ಣ ಹಳೆಯದಕ್ಕೆ ಹೊಂದುವುದು ಕಷ್ಟ. ಇಂಟರ್‌ಲಾಕ್ ಆದರೆ ತೆಗೆದು ಮತ್ತೆ ಜೋಡಿಸಬಹುದು.

ಹಾಗಾದರೆ ಎಲ್ಲಿ ಸೂಕ್ತ? ಗೇಟಿನಿಂದ ಸಿಟೌಟ್‌ವರೆಗಿನ, ಚೆನ್ನಾಗಿ ಬಿಸಿಲು ಬೀಳುವ ದಾರಿಗೆ. ಮಣ್ಣನ್ನು ಗಟ್ಟಿಯಾಗಿ ದಮ್ಮಸ್ಸು ಮಾಡಿಸಿ. 4 ಇಂಚು ದಪ್ಪ, ಅಡಿಗೆ ಕಾಲಿಂಚು ಇಳಿಜಾರು, ಬಿರುಕು ತಡೆಯುವ ಗೀರುಗಳು ಇರಲಿ. ಸೀಲರಿಗೆ ಜಾರದಂತೆ ತಡೆಯುವ ಪುಡಿ ಬೆರೆಸಲು ಹೇಳಿ.

ಮೇಸ್ತ್ರಿ ಹಿಂದೆ ಮಾಡಿದ, ಎರಡು ಮಳೆಗಾಲ ಕಂಡ ಅಂಗಳವೊಂದನ್ನು ನೋಡಿ ಬನ್ನಿ. ನೀರು ಚಿಮುಕಿಸಿ ಮೆಲ್ಲನೆ ಬರಿಗಾಲಲ್ಲಿ ನಡೆಯಿರಿ. ಕಾಲು ಜಾರದಿದ್ದರೆ ಮಾತ್ರ ಮುಂಗಡ ಕೊಡಿ.