ಸ್ಟ್ರಾಡಿಶಾಲ್‌ನಿಂದ ಬೆಲ್‌ಗ್ರೇವ್ ರಸ್ತೆಗೆ

1972ರ ಸೆಪ್ಟೆಂಬರ್ 18. ಇಂಗ್ಲೆಂಡಿನ ಸ್ಟಾನ್‌ಸ್ಟೆಡ್‌ನಲ್ಲಿ ವಿಮಾನದ ಮೆಟ್ಟಿಲಿಳಿಯುತ್ತಿರುವ ಹೆಂಗಸರು ಉಟ್ಟಿರುವುದು ಕಂಪಾಲಾದ ಬಿಸಿಲಿಗೆ ತಕ್ಕ ತೆಳು ಸೀರೆ. ಏಷ್ಯನ್ನರು ತೊಂಬತ್ತು ದಿನಗಳಲ್ಲಿ ಯುಗಾಂಡ ಬಿಡಬೇಕೆಂದು ಅಲ್ಲಿನ ಸರ್ವಾಧಿಕಾರಿ ಇದಿ ಅಮೀನ್ ಆಗಸ್ಟಿನಲ್ಲಿ ಸಾರಿದ್ದ. ಹಾಗೆ ಹೊರಬಿದ್ದವರನ್ನು ಹೊತ್ತು ತಂದ ಮೊದಲ ವಿಮಾನವಿದು. ಅಂಗಡಿ, ಮನೆ, ಬ್ಯಾಂಕಿನಲ್ಲಿಟ್ಟದ್ದು ಎಲ್ಲ ಅಲ್ಲೇ ಉಳಿಯಿತು. ಕೈಯಲ್ಲಿ ತರಲು ಬಿಟ್ಟದ್ದು ಒಂದು ಸಂಸಾರಕ್ಕೆ ಐವತ್ತು ಪೌಂಡಿನ ಆಸುಪಾಸು. ಎಂಟೆಬೆ ವಿಮಾನ ನಿಲ್ದಾಣದ ದಾರಿಯುದ್ದಕ್ಕೂ ಸೈನಿಕರ ತಪಾಸಣೆ. ಎಷ್ಟೋ ಜನರ ಬಳೆ, ಸರ, ಕೈಗಡಿಯಾರ ಅಲ್ಲಿಯೇ ಹೋದವು.

ಅವರನ್ನು ಹೊತ್ತ ಬಸ್ಸು ಸಫೋಕ್‌ನ ಸ್ಟ್ರಾಡಿಶಾಲ್‌ಗೆ ಬಂದು ನಿಲ್ಲುತ್ತದೆ. ವಾಯುಪಡೆ ಖಾಲಿ ಮಾಡಿದ ನೆಲೆ ಅದು. ಬ್ರಿಟನ್ ಇಂಥ ಹದಿನಾರು ಶಿಬಿರಗಳನ್ನು ತೆರೆದಿತ್ತು; ಬಂದ ಸುಮಾರು 28,000 ಜನರಲ್ಲಿ ಹೆಚ್ಚಿನವರು ಒಂದಲ್ಲ ಒಂದು ಶಿಬಿರದಲ್ಲಿ ತಂಗಿದವರೇ. ಸೇನೆಯ ಮಂಚ, ಸೇನೆಯ ಕಂಬಳಿ, ಸೇನೆಯ ಅಡುಗೆ. ಸ್ವಯಂಸೇವಕಿಯರು ರಾಶಿ ಹಾಕಿದ ಹಳೆಯ ಕೋಟುಗಳಲ್ಲಿ ತನಗೆ ಒಗ್ಗುವುದನ್ನು ಅಜ್ಜಿಯೊಬ್ಬಳು ಹುಡುಕುತ್ತಾಳೆ. ತೋಳು ಉದ್ದವಾದರೂ ಸರಿ, ಸೀರೆಯ ಮೇಲೆ ತೊಟ್ಟುಬಿಡುತ್ತಾಳೆ. ಊಟದ ಸಾಲಿನಲ್ಲಿ ಬೇಯಿಸಿದ ಆಲೂಗಡ್ಡೆ, ಖಾರವಿಲ್ಲದ ತರಕಾರಿ. ಮಾಂಸ ಮುಟ್ಟದ ಗುಜರಾತಿ ಸಂಸಾರಗಳು ತಟ್ಟೆಯ ಮುಂದೆ ಸುಮ್ಮನೆ ಕೂರುತ್ತವೆ. ವೇಲ್ಸ್‌ನ ಟೊನ್‌ಫನೌ ಶಿಬಿರವಂತೂ ಕಡಲಂಚಿನಲ್ಲೇ ಇತ್ತು. ಅಲ್ಲಿ ತಂಗಿದವರ ನೆನಪಿನಲ್ಲಿ ಗಾಳಿಯ ಮಾತು ಬರದೆ ಇರದು.

ನಿನ್ನೆ ಹತ್ತು ಜನರಿಗೆ ಸಂಬಳ ಕೊಡುತ್ತಿದ್ದ ವರ್ತಕ ಇಂದು ಕೆಲಸ ಕೇಳುವ ಸಾಲಿನಲ್ಲಿ ಅರ್ಜಿ ಹಿಡಿದು ನಿಂತಿದ್ದಾನೆ. ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗದಿದ್ದರೆ ಒಳ್ಳೆಯದು ಎಂದು ಬ್ರಿಟಿಷ್ ಸರ್ಕಾರದ ಪುನರ್ವಸತಿ ಮಂಡಳಿ ಹೇಳುತ್ತದೆ. ಹೋಗಬೇಡಿ ಎಂದ ಊರುಗಳಲ್ಲಿ ಲೆಸ್ಟರ್ ಒಂದು. ಆ ನಗರಸಭೆಯಂತೂ ‘ಯುಗಾಂಡ ಆರ್ಗಸ್’ ಪತ್ರಿಕೆಯಲ್ಲಿ ಜಾಹೀರಾತನ್ನೇ ಹಾಕಿಸಿತ್ತು: ಇಲ್ಲಿ ಮನೆಗಳಿಲ್ಲ, ಶಾಲೆಗಳು ತುಂಬಿವೆ, ಬರಬೇಡಿ ಎಂದು. ಆದರೂ ಸಾವಿರಾರು ಜನ ಅಲ್ಲಿಗೇ ಹೋದರು. ಚಿಕ್ಕಪ್ಪನೋ ಭಾವನೋ ಅಲ್ಲಿದ್ದ, ಕಾರ್ಖಾನೆಯಲ್ಲಿ ಕೆಲಸವಿತ್ತು. ಗೊತ್ತಿಲ್ಲದ ಊರಿನಲ್ಲಿ ಸರ್ಕಾರ ಕೊಡುವ ಮನೆಗಿಂತ ನಂಟರ ಮನೆಯ ಒಂದು ಕೋಣೆ ವಾಸಿ ಅನ್ನಿಸಿತು.

ಇವರ ಏಳಿಗೆಯನ್ನು ಹೊಗಳುವವರು ಸಾಮಾನ್ಯವಾಗಿ ಇಲ್ಲಿಂದ ನೇರವಾಗಿ ಲಕ್ಷಾಧೀಶರ ಪಟ್ಟಿಗೆ ಹಾರುತ್ತಾರೆ. ನನಗೆ ಕಾಣುವುದು ನಡುವಿನ ಆ ವರ್ಷಗಳು. ಕಂಪಾಲಾದಲ್ಲಿ ಹೊರಗೆ ದುಡಿಯದ ಎಷ್ಟೋ ತಾಯಂದಿರು ಲೆಸ್ಟರ್‌ನಲ್ಲಿ ಕತ್ತಲಿರುವಾಗಲೇ ಡಬ್ಬಿ ಕಟ್ಟಿಕೊಂಡು ಹೊರಟರು, ಕಾಲುಚೀಲ, ಬನಿಯನ್ ಹೆಣೆಯುವ ಕಾರ್ಖಾನೆಗಳಿಗೆ. ತಂದೆಯದು ರಾತ್ರಿ ಪಾಳಿ. ಅವನು ಬಾಗಿಲು ತೆರೆದು ಒಳಗೆ ಬರುವ ಹೊತ್ತಿಗೆ ತಾಯಿ ಚಪ್ಪಲಿ ಮೆಟ್ಟುತ್ತಿದ್ದಳು. 1974ರ ಮೇ ತಿಂಗಳಲ್ಲಿ ಅಲ್ಲಿನ ಇಂಪೀರಿಯಲ್ ಟೈಪ್‌ರೈಟರ್ಸ್ ಕಾರ್ಖಾನೆಯ ಏಷ್ಯನ್ ಕಾರ್ಮಿಕರು ಬೋನಸ್ಸಿನಲ್ಲಿ ಮೋಸವಾಗಿದೆಯೆಂದು ಕೆಲಸ ನಿಲ್ಲಿಸಿದರು. ಸ್ಥಳೀಯ ಕಾರ್ಮಿಕ ಸಂಘದ ನಾಯಕರು ಬೆನ್ನಿಗೆ ನಿಲ್ಲಲಿಲ್ಲ. ಆದರೂ ಸುಮಾರು ಮೂರು ತಿಂಗಳು ಗೇಟಿನ ಹೊರಗೆ ನಿಂತರು. ಅವರಲ್ಲಿ ಹೆಂಗಸರೂ ಬಹಳ ಇದ್ದರು. ಮರುವರ್ಷ ಕಾರ್ಖಾನೆಯೇ ಮುಚ್ಚಿತು. ಶ್ರಮಜೀವಿಗಳು, ತಂಟೆಯಿಲ್ಲದವರು ಎಂಬ ಮೆಚ್ಚುಗೆಯಲ್ಲಿ ಈ ಅಧ್ಯಾಯ ಕಳೆದುಹೋಗುವುದು ನನಗೆ ನೋವಿನ ಸಂಗತಿ.

ಕೂಡಿಟ್ಟ ಸಂಬಳ, ನಂಟರ ಕೈಗಡ ಸೇರಿ ಲೆಸ್ಟರ್‌ನ ಬೆಲ್‌ಗ್ರೇವ್ ರಸ್ತೆಯಲ್ಲಿ ಮುಚ್ಚಿದ್ದ ಅಂಗಡಿಗಳ ಬಾಗಿಲು ತೆರೆದವು. ಸೀರೆ, ಮಿಠಾಯಿ, ಆಮೇಲೆ ಚಿನ್ನ. ಮಕ್ಕಳು ಗಲ್ಲಾದ ಹಿಂದೆ ಕೂತು ಹೋಂವರ್ಕ್ ಬರೆದರು, ನಡುನಡುವೆ ಎದ್ದು ಗಿರಾಕಿಗೆ ಚಿಲ್ಲರೆ ಕೊಟ್ಟರು. ಅಪ್ಪಂದಿರಿಗೆ ಅಂಗಡಿ ಬೆಳೆಸುವ ಆಸೆಗಿಂತ ಮಕ್ಕಳನ್ನು ಓದಿಸುವ ಹಟ ದೊಡ್ಡದು. ಅಂಗಡಿಯನ್ನು ಯಾರಾದರೂ ಕಿತ್ತುಕೊಳ್ಳಬಹುದೆಂದು ಅವರು ಕಣ್ಣಾರೆ ಕಂಡಿದ್ದರು. ಆ ಮಕ್ಕಳು ಔಷಧ ವಿಜ್ಞಾನ ಓದಿದರು, ಲೆಕ್ಕಪರಿಶೋಧಕರಾದರು, ವೈದ್ಯರಾದರು, ವಕೀಲರಾದರು. ಯುಗಾಂಡದಿಂದ ಹದಿಹರೆಯದಲ್ಲಿ ಬಂದ ತಾರಿಕ್ ಗಫೂರ್ 1974ರಲ್ಲಿ ಮ್ಯಾಂಚೆಸ್ಟರ್ ಪೊಲೀಸ್ ಸೇರಿ, ಮುಂದೆ ಲಂಡನ್ ಪೊಲೀಸ್ ಪಡೆಯ ಸಹಾಯಕ ಕಮಿಷನರ್ ಹುದ್ದೆಗೇರಿದರು.