ಹಿಡಿಯುವ ಕೈ, ತುಂಬುವ ಕೈ

ಸೂಜಿಗೆ ದಾರ ಪೋಣಿಸುವಾಗ ನಿಮ್ಮ ಯಾವ ಕೈಯಲ್ಲಿ ಸೂಜಿ ಇರುತ್ತದೆ? ಯಾವ ಕೈಯಲ್ಲಿ ದಾರ? ಥಟ್ಟನೆ ಹೇಳುವುದು ಕಷ್ಟ. ಓದುವುದನ್ನು ಒಂದು ಕ್ಷಣ ನಿಲ್ಲಿಸಿ, ಬರಿಗೈಯಲ್ಲೇ ಅಭಿನಯಿಸಿ ನೋಡಿ. ತೆಂಗಿನಕಾಯಿ ಒಡೆಯುವಾಗ, ಬಾಟಲಿಯ ಮುಚ್ಚಳ ತಿರುಗಿಸುವಾಗ, ಬೆಂಕಿಕಡ್ಡಿ ಗೀರುವಾಗಲೂ ಹೀಗೆಯೇ. ಒಂದು ಕೈ ಹಿಡಿಯುತ್ತದೆ, ಇನ್ನೊಂದು ಕೆಲಸ ಮಾಡುತ್ತದೆ. ಈ ಹಂಚಿಕೆಯನ್ನು ನಾವು ಯೋಚಿಸಿ ಮಾಡಿದ್ದಲ್ಲ. ಅದಲುಬದಲಾದರೆ ಹೆಚ್ಚೆಂದರೆ ದಾರ ನಾಲ್ಕು ಬಾರಿ ತಪ್ಪೀತು, ಅಷ್ಟೆ.

ಆದರೆ ಕೆಲವೇ ಸೆಕೆಂಡುಗಳ ತಡಕ್ಕೂ ಪ್ರಾಣದ ಬೆಲೆ ತೆರಬೇಕಾದ ಸಾಧನವೊಂದಿದೆ. ಅದು ರಿವಾಲ್ವರ್. ಖಾಲಿಯಾದ ರಿವಾಲ್ವರಿಗೆ ಯಾವ ಕೈಯಿಂದ ತೋಟಾ ತುಂಬಬೇಕು ಎಂಬುದು ಅಮೆರಿಕದ ಪೊಲೀಸ್ ತರಬೇತುದಾರರು ದಶಕಗಳ ಕಾಲ ವಾದಿಸಿದ ವಿಷಯ. ನಿಮಗೆ ಬಂದೂಕುಗಳಲ್ಲಿ ಆಸಕ್ತಿ ಇರಬೇಕೆಂದೇನೂ ಇಲ್ಲ. ಆ ವಾದದ ಒಳಗಿರುವುದು ಕೈ ಮತ್ತು ಮಿದುಳಿನ ವಿಜ್ಞಾನ. ನಿಮ್ಮ ತರಗತಿಯಲ್ಲೇ ಅಳೆದು ನೋಡಬಹುದಾದಂಥದು.

ಮೊದಲು ಸಾಧನದ ರಚನೆಯನ್ನು ತಿಳಿಯೋಣ. ರಿವಾಲ್ವರಿನ ನಡುವೆ ತಿರುಗುವ ಒಂದು ಸಿಲಿಂಡರ್ ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಆರು ಗೂಡುಗಳು, ಗೂಡಿಗೊಂದು ತೋಟಾ. ಟ್ರಿಗರ್ ಎಳೆದಂತೆ ಸಿಲಿಂಡರ್ ತಿರುಗಿ ಒಂದೊಂದೇ ಗೂಡು ನಳಿಕೆಯ ನೇರಕ್ಕೆ ಬರುತ್ತದೆ. ಆರೂ ಮುಗಿದ ಮೇಲೆ ಖಾಲಿ ಕೋಶಗಳನ್ನು ಹೊರಹಾಕಿ ಹೊಸ ತೋಟಾಗಳನ್ನು ಇಡಬೇಕು. ಪ್ರಶ್ನೆ ಹುಟ್ಟುವುದು ಇಲ್ಲಿ.

1873ರಲ್ಲಿ ಅಮೆರಿಕದ ಸೈನ್ಯ ಸ್ವೀಕರಿಸಿದ ಕೋಲ್ಟ್ ರಿವಾಲ್ವರಿನಲ್ಲಿ ಸಿಲಿಂಡರ್ ಹೊರಗೆ ಬರುವುದಿಲ್ಲ. ಹಿಂಬದಿಯಲ್ಲಿ, ಬಲಮಗ್ಗುಲಿಗೆ ಒಂದು ಪುಟ್ಟ ಬಾಗಿಲಿದೆ. ಅದನ್ನು ತೆರೆದು ಒಂದೊಂದೇ ಗೂಡನ್ನು ಖಾಲಿಮಾಡಿ ತುಂಬಬೇಕು. ಬಾಗಿಲು ಬಲಕ್ಕಿರುವುದನ್ನು ಕಂಡು, ಸ್ಯಾಮ್ಯುಯೆಲ್ ಕೋಲ್ಟ್ ಎಡಚನಾಗಿದ್ದಿರಬೇಕು, ಬಂದೂಕು ಎಡಗೈಯಲ್ಲೇ ಇದ್ದರೆ ತುಂಬುವುದು ಸುಲಭವಲ್ಲವೇ ಎಂದು ಹೇಳುವವರಿದ್ದಾರೆ. ಕತೆ ಚೆನ್ನಾಗಿದೆ. ಆದರೆ ಕೋಲ್ಟ್ ತೀರಿಕೊಂಡದ್ದು 1862ರಲ್ಲಿ, ಈ ಮಾದರಿ ಬರುವುದಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಮೊದಲು. ಬಲಗೈಯವರೂ ಬಂದೂಕನ್ನು ಎಡಗೈಗೆ ದಾಟಿಸಿ, ಬಲಗೈ ಬೆರಳುಗಳಿಂದ ತೋಟಾ ಇಡುತ್ತಾರೆ ಎಂದುಕೊಂಡರೆ ಆ ಬಾಗಿಲು ಸರಿಯಾದ ಜಾಗದಲ್ಲೇ ಇದೆ. ಅದಕ್ಕೂ ಹಿಂದಿನ ಕೋಲ್ಟ್ ರಿವಾಲ್ವರುಗಳಲ್ಲಿ ಸಿಡಿಯುವ ಪುಟ್ಟ ಟೋಪಿಯನ್ನು ಕೂರಿಸುವ ಸಂದು ಕೂಡ ಬಲಮಗ್ಗುಲಲ್ಲೇ ಇತ್ತು. ಸೂಕ್ಷ್ಮ ಕೆಲಸ ಬಲಗೈಗೆ ಎಂದು ವಿನ್ಯಾಸಕರು ಆಗಲೇ ತೀರ್ಮಾನಿಸಿದ್ದರು.

1889ರಲ್ಲಿ ಕೋಲ್ಟ್ ಕಂಪನಿ, 1896ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ ಹೊರತಂದ ಮಾದರಿಗಳಲ್ಲಿ ಇಡೀ ಸಿಲಿಂಡರ್ ಬಾಗಿಲಿನಂತೆ ಎಡಕ್ಕೆ ತೆರೆದುಕೊಳ್ಳುತ್ತದೆ. ಇಂಥ ರಿವಾಲ್ವರುಗಳಲ್ಲಿ ಚಿಲಕ ಸಾಮಾನ್ಯವಾಗಿ ಇರುವುದು ಎಡಮಗ್ಗುಲಲ್ಲಿ, ಬಲಗೈ ಹೆಬ್ಬೆರಳಿಗೆ ಸಿಗುವಂತೆ. ಮುಂದಿನ ಸಲಾಕೆಯನ್ನು ಒತ್ತಿದರೆ ಆರೂ ಖಾಲಿ ಕೋಶಗಳು ಒಮ್ಮೆಗೇ ಹೊರಬೀಳುತ್ತವೆ. ಇದರಲ್ಲಿ ತುಂಬುವುದಕ್ಕೆ ಎರಡು ಕ್ರಮಗಳಿವೆ. ಮೊದಲನೆಯ ಕ್ರಮದಲ್ಲಿ ಬಂದೂಕು ಬಲಗೈಯಲ್ಲೇ ಉಳಿಯುತ್ತದೆ. ಎಡಗೈ ಸಲಾಕೆ ಒತ್ತಿ, ಸೊಂಟಪಟ್ಟಿಯ ಎಡಭಾಗದಿಂದ ತೋಟಾ ತೆಗೆದು ತುಂಬುತ್ತದೆ. ಎರಡನೆಯ ಕ್ರಮದಲ್ಲಿ ಬಂದೂಕು ಎಡಗೈಗೆ ದಾಟುತ್ತದೆ. ಎಡಗೈಯ ನಡುವಿನ ಎರಡು ಬೆರಳುಗಳು ಚೌಕಟ್ಟಿನ ಕಿಂಡಿಯಲ್ಲಿ ತೂರಿ ಸಿಲಿಂಡರನ್ನು ಹಿಡಿಯುತ್ತವೆ, ಅದೇ ಕೈಯ ಹೆಬ್ಬೆರಳು ಸಲಾಕೆ ಒತ್ತುತ್ತದೆ, ಬಲಗೈ ತುಂಬುತ್ತದೆ. ಬಳಿಕ ಬಂದೂಕು ಮತ್ತೆ ಬಲಗೈಗೆ.

ಮೊದಲನೆಯದರ ಪರ ವಾದಿಸುವವರು ಹೇಳುವುದು: ಬಲಗೈಯ ಹಿಡಿತ ಒಮ್ಮೆ ಕೂತಿದೆ, ಅದನ್ನೇಕೆ ಬಿಡಬೇಕು? ಎರಡನೆಯದರ ಪರ ಇರುವವರ ಉತ್ತರ: ಹಿಡಿಯುವುದು ಒರಟು ಕೆಲಸ, ಇಡುವುದು ನಾಜೂಕಿನ ಕೆಲಸ, ನಾಜೂಕಿನದನ್ನು ಪಳಗಿದ ಕೈಗೆ ಕೊಡಿ. ಎರಡೂ ಮಾತು ನಿಜ. ಹಾಗಾದರೆ ಯಾವುದು ಹೆಚ್ಚು ತೂಗುತ್ತದೆ?

ಈ ಪ್ರಶ್ನೆ ಬರಿಯ ಮಾತಿನದಲ್ಲ. 1970ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯೂಹಾಲ್ ಎಂಬಲ್ಲಿ ಐದು ನಿಮಿಷವೂ ಹಿಡಿಯದ ಗುಂಡಿನ ಚಕಮಕಿಯಲ್ಲಿ ನಾಲ್ವರು ಹೆದ್ದಾರಿ ಪೊಲೀಸರು ಸತ್ತರು. ಅವರಲ್ಲೊಬ್ಬರು ಆರೂ ಗುಂಡು ಹಾರಿಸಿ, ಒಂದೊಂದಾಗಿ ತೋಟಾ ತುಂಬುತ್ತಿದ್ದಾಗ ಹತರಾದರು. ಆಮೇಲೆ ಆ ಇಲಾಖೆ ಆರು ತೋಟಾಗಳನ್ನು ಒಟ್ಟಿಗೇ ಇಡುವ ಸ್ಪೀಡ್ ಲೋಡರ್ ಎಂಬ ಉಪಕರಣವನ್ನು ಬಳಕೆಗೆ ತಂದಿತು.

ಒಂದು ತೋಟಾವನ್ನು ಗೂಡಿಗಿಡುವುದು ಎಷ್ಟು ನಾಜೂಕು? ಪೊಲೀಸರು ಹೆಚ್ಚಾಗಿ ಬಳಸುತ್ತಿದ್ದ .38 ಸ್ಪೆಷಲ್ ತೋಟಾದ ಕೋಶದ ವ್ಯಾಸ ಸುಮಾರು 9.6 ಮಿ.ಮೀ. ಗೂಡು ಅದಕ್ಕಿಂತ ಕೂದಲೆಳೆಯಷ್ಟು ಮಾತ್ರ ಅಗಲ. ಅಮೆರಿಕದ ಮನೋವಿಜ್ಞಾನಿ ಪಾಲ್ ಫಿಟ್ಸ್ 1954ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ಇಂಥದೇ: ಕಡ್ಡಿಗಳನ್ನು ಒಂದು ಸಾಲಿನ ರಂಧ್ರಗಳಿಂದ ಕಿತ್ತು ಇನ್ನೊಂದು ಸಾಲಿಗೆ ಹಾಕುವುದು. ದೂರ ಹೆಚ್ಚಿದಂತೆಯೂ, ಕಡ್ಡಿಗೂ ರಂಧ್ರಕ್ಕೂ ನಡುವಿನ ಸಡಿಲ ಕಡಿಮೆಯಾದಂತೆಯೂ ಹಿಡಿಯುವ ಸಮಯ ಏರುತ್ತದೆ. ಆ ಏರಿಕೆ ಲಘುಗಣಕದ ರೀತಿಯದು. ದೂರ ಇಮ್ಮಡಿಯಾದರೂ ಸಡಿಲ ಅರ್ಧವಾದರೂ ಒಂದೇ ಅಳತೆಯಷ್ಟು ಸಮಯ ಕೂಡುತ್ತದೆ. ತೋಟಾದ ತುದಿಯಲ್ಲಿರುವ ಗುಂಡು ದುಂಡಗಿದ್ದರೆ ಅದು ತಾನಾಗಿ ದಾರಿ ಕಂಡುಕೊಂಡು ಒಳಜಾರುತ್ತದೆ. ಗುರಿ ಅಭ್ಯಾಸಕ್ಕೆಂದು ಬಳಸುವ ಚಪ್ಪಟೆ ಮೂತಿಯ ಗುಂಡುಗಳಲ್ಲಿ ಈ ಅನುಕೂಲ ಇಲ್ಲ. ಹೆದರಿಕೆಯಲ್ಲಿ ಅಡ್ರಿನಲಿನ್ ರಕ್ತಕ್ಕೆ ಸೇರಿ ಬೆರಳುಗಳ ಸಹಜ ನಡುಕವನ್ನು ಹೆಚ್ಚಿಸುವುದರಿಂದ, ಶಾಂತವಾಗಿದ್ದಾಗ ಸಲೀಸಾಗಿ ಆಗುವ ಕೆಲಸ ಆಗ ಆಗದು.

ಎಡಗೈ ಹಿಂದೆ ಬೀಳುವುದು ಎಲ್ಲಿ ಎಂಬುದನ್ನು ಬ್ರಿಟನ್ನಿನ ಮನೋವಿಜ್ಞಾನಿ ಮೇರಿಯನ್ ಆನೆಟ್ ಮತ್ತು ಸಂಗಡಿಗರು 1979ರಲ್ಲಿ ತೋರಿಸಿದರು. ಕಡ್ಡಿಗಳನ್ನು ರಂಧ್ರಕ್ಕಿಡುವ ಕೈಗಳ ಚಿತ್ರೀಕರಣ ಮಾಡಿ ಪರಿಶೀಲಿಸಿದಾಗ, ಪಳಗದ ಕೈಯ ತಡ ಬಹುಪಾಲು ಕೊನೆಯ ಹಂತದಲ್ಲೇ ಎಂಬುದು ಕಂಡುಬಂತು. ರಂಧ್ರದ ಬಾಯಲ್ಲಿ ಕಡ್ಡಿ ತಪ್ಪುತ್ತದೆ, ತಿದ್ದಿಕೊಳ್ಳುತ್ತದೆ, ಮತ್ತೆ ತಪ್ಪುತ್ತದೆ. ಅಂದರೆ ಎಡಗೈ ನಿಧಾನವಲ್ಲ. ಹೆಚ್ಚು ತಪ್ಪುತ್ತದೆ, ಅಷ್ಟೆ.

ಹಾಗೆಂದು ಎಡಗೈಯನ್ನು ದಡ್ಡ ಎನ್ನುವುದು ಅನ್ಯಾಯ. ಫ್ರಾನ್ಸಿನ ಈವ್ ಗಿಯಾರ್ 1987ರ ತಮ್ಮ ಪ್ರಬಂಧದಲ್ಲಿ ಎರಡು ಕೈಗಳನ್ನು ಒಂದಕ್ಕೊಂದು ಜೋಡಿಸಿದ ಎರಡು ಮೋಟಾರುಗಳಂತೆ ನೋಡಿದರು. ಎಡಗೈ ಮೊದಲು ಚಲಿಸಿ ನೆಲೆಯನ್ನು ಸಿದ್ಧಪಡಿಸುತ್ತದೆ, ಬಲಗೈ ಆ ನೆಲೆಯ ಮೇಲೆ ಕೆಲಸ ಮಾಡುತ್ತದೆ. ಎಡಗೈಯ ಚಲನೆ ದೊಡ್ಡದು, ವಿರಳ. ಬಲಗೈಯದು ಚಿಕ್ಕದು, ಚುರುಕಿನದು. ಬರೆಯುವುದೂ ಎರಡು ಕೈಯ ಕೆಲಸ ಎಂಬುದಕ್ಕೆ ಅವರು ಕೊಟ್ಟ ಸಾಕ್ಷ್ಯವನ್ನು ನೀವೂ ಪರೀಕ್ಷಿಸಬಹುದು. ಮೇಜಿಗೆ ಒಂದು ಬಿಳಿ ಹಾಳೆ ಅಂಟಿಸಿ, ಅದರ ಮೇಲೆ ಕಾರ್ಬನ್ ಕಾಗದವನ್ನೂ ಅಂಟಿಸಿ. ಮೇಲೆ ಇನ್ನೊಂದು ಹಾಳೆಯನ್ನು ಬಿಡಿಯಾಗಿಟ್ಟು ವಿದ್ಯಾರ್ಥಿಯಿಂದ ಪುಟ ತುಂಬ ಬರೆಸಿ. ಮೇಲಿನ ಹಾಳೆಯಲ್ಲಿ ಪುಟ ತುಂಬಿರುತ್ತದೆ. ಮೇಜಿನ ಮೇಲಿನ ಹಾಳೆಯಲ್ಲಿ ಸಾಲುಗಳೆಲ್ಲ ಒಂದು ಕಿರಿದಾದ ಪಟ್ಟಿಯಲ್ಲಿ ಒಂದರ ಮೇಲೊಂದು ಬಿದ್ದಿರುತ್ತವೆ. ಬಲಗೈ ಬರೆದಂತೆ ಎಡಗೈ ಕಾಗದವನ್ನು ಮೇಲಕ್ಕೆ ಸರಿಸುತ್ತಲೇ ಇತ್ತು, ಬರೆದವರಿಗೇ ತಿಳಿಯದಂತೆ!

ಎರಡನೆಯ ಕ್ರಮ ಈ ಸ್ವಾಭಾವಿಕ ಹಂಚಿಕೆಗೆ ಹೊಂದುತ್ತದೆ. ಆದರೂ ಕೈ ಬದಲಿಸುವ ಖರ್ಚು ಇದ್ದೇ ಇದೆ. ಒಂದು ತೋಟಾ ಇಡಲು ಎಡಗೈಗೆ ಬೇಕಾಗುವ ಹೆಚ್ಚುವರಿ ಸಮಯ ‘ಅ’, ಬಂದೂಕನ್ನು ಎಡಗೈಗೆ ದಾಟಿಸಿ ಮರಳಿ ತರಲು ಬೇಕಾಗುವ ಸಮಯ ‘ಬ’ ಎಂದಿಟ್ಟುಕೊಳ್ಳಿ. 6ಅ > ಬ ಆದರೆ ಕೈ ಬದಲಿಸುವುದು ಲಾಭ. ಒಂದೊಂದಾಗಿ ತುಂಬುವಾಗ ತಪ್ಪುವ ಅವಕಾಶ ಆರು ಬಾರಿ ಬರುವುದರಿಂದ ತಕ್ಕಡಿ ಸಾಮಾನ್ಯವಾಗಿ ಈ ಕಡೆಗೇ ವಾಲುತ್ತದೆ.

ಇದನ್ನು ಅಳೆಯಲು ಬಂದೂಕು ಬೇಕಿಲ್ಲ. ಅಂಗೈಯಗಲದ ದಪ್ಪ ಥರ್ಮೋಕೋಲ್ ತುಂಡಿನಲ್ಲಿ ಪೆನ್ಸಿಲ್ ಸರಿಯಾಗಿ ಕೂರುವಂಥ ಆರು ರಂಧ್ರಗಳನ್ನು ವೃತ್ತಾಕಾರದಲ್ಲಿ ಕೊರೆಯಿರಿ. ಆರು ಮೋಟು ಪೆನ್ಸಿಲ್‌ಗಳು, ಒಂದು ಸ್ಟಾಪ್ ವಾಚ್ ಸಾಕು. ವಿದ್ಯಾರ್ಥಿ ತುಂಡನ್ನು ಬಲಗೈಯಲ್ಲಿ ಹಿಡಿದೇ ಶುರುಮಾಡಲಿ. ಮೊದಲ ಸಲ ಅದು ಬಲಗೈಯಲ್ಲೇ ಇರಲಿ, ಎಡಗೈ ತುಂಬಲಿ. ಎರಡನೆಯ ಸಲ ಎಡಗೈಗೆ ದಾಟಿಸಿ, ಬಲಗೈಯಿಂದ ತುಂಬಿ, ಮತ್ತೆ ಬಲಗೈಗೆ ತಂದಾಗ ಗಡಿಯಾರ ನಿಲ್ಲಿಸಿ. ಹತ್ತು ಹತ್ತು ಸಲ ಮಾಡಿಸಿ ಸರಾಸರಿ ತೆಗೆಯಿರಿ. ಅಭ್ಯಾಸದಿಂದಲೇ ಸಮಯ ಇಳಿಯುವುದರಿಂದ ಅರ್ಧ ವಿದ್ಯಾರ್ಥಿಗಳು ಮೊದಲ ಕ್ರಮದಿಂದ, ಉಳಿದರ್ಧ ಎರಡನೆಯ ಕ್ರಮದಿಂದ ಆರಂಭಿಸುವುದು ಅಗತ್ಯ. ಆಮೇಲೆ ಆರರ ಬದಲು ಒಂದೇ ಪೆನ್ಸಿಲ್ ಇಡುವಂತೆ ಹೇಳಿ. ಈಗ ಹೋಲಿಸಬೇಕಾದದ್ದು ‘ಅ’ ಮತ್ತು ‘ಬ’ ಮಾತ್ರ, ಫಲಿತಾಂಶ ತಲೆಕೆಳಗಾಗುವ ಸಂಭವ ಹೆಚ್ಚು.

ಸ್ಪೀಡ್ ಲೋಡರ್ ಬಂದ ಮೇಲೆ ಆದದ್ದೂ ಇದೇ. ಆರು ತೋಟಾಗಳು ಒಂದೇ ಗುಂಡಿಯ ಸುತ್ತ ನಿಂತಿರುವುದರಿಂದ ಇಡುವ ಕೆಲಸ ಒಂದೇ ಬಾರಿ. ಎಡಗೈಯ ಕೊರತೆ ಅಷ್ಟು ದುಬಾರಿಯಲ್ಲ. ವಾದ ಮತ್ತೆ ಸಮಸಮವಾಯಿತು. ಮೂನ್ ಕ್ಲಿಪ್ ಎಂಬ ತೆಳು ಲೋಹದ ಬಿಲ್ಲೆಯಲ್ಲಿ ತೋಟಾಗಳು ಸಿಕ್ಕಿಸಿಕೊಂಡೇ ಒಳಹೋಗುತ್ತವೆ, ಬಿಡಿಸುವ ಶ್ರಮವೂ ಇಲ್ಲ. ಇಂಥ ಕ್ಲಿಪ್ ಬಳಸುವ ರಿವಾಲ್ವರಿನಿಂದ ಅಮೆರಿಕದ ಜೆರ್ರಿ ಮಿಕುಲೆಕ್ 1999ರಲ್ಲಿ ಆರು ಗುಂಡು ಹಾರಿಸಿ, ಮತ್ತೆ ತುಂಬಿ, ಇನ್ನಾರು ಹಾರಿಸಿದ್ದು ಒಟ್ಟು 2.99 ಸೆಕೆಂಡಿನಲ್ಲಿ. ಆ ಮಟ್ಟದ ಅಭ್ಯಾಸ ಇದ್ದವರಿಗೆ ಯಾವ ಕೈಯಾದರೂ ಪಳಗಿದ ಕೈಯೇ ಎನ್ನಬೇಕು. ನನ್ನ ಅಭಿಪ್ರಾಯದಲ್ಲಿ ಇಂಥ ದಾಖಲೆಗಳನ್ನು ಸಾಮಾನ್ಯ ಪೇದೆಗೆ ಮಾದರಿಯಾಗಿ ತೋರಿಸುವುದು ಸರಿಯಲ್ಲ.

ಇಲ್ಲಿಯವರೆಗೆ ಬಲಗೈಯವರ ಮಾತಾಯಿತು. 2020ರಲ್ಲಿ ಪ್ರಕಟವಾದ, 20 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಂತೆ ಎಡಚರು ಶೇ. 10.6ರಷ್ಟು. ಅವರಿಗೆ ರಿವಾಲ್ವರ್ ವಿಚಿತ್ರವಾಗಿ ಎದುರಾಗುತ್ತದೆ. ಚಿಲಕ ಅವರ ಹೆಬ್ಬೆರಳಿನ ಕಡೆ ಇಲ್ಲ. ಸಿಲಿಂಡರ್ ತೆರೆದುಕೊಳ್ಳುವುದು ಮಾತ್ರ ಎಡಗೈ ಕಡೆಗೇ, ಆ ಕೈಯಲ್ಲಿ ಬಂದೂಕು ಈಗಾಗಲೇ ಇದೆ. ಆದ್ದರಿಂದ ಕೈ ಬದಲಿಸದೆ ಬರಿಯ ಹಿಡಿತ ಬದಲಿಸಿದರೆ ಸಾಕು, ಆದರೆ ತೋಟಾ ಇಡಬೇಕಾದದ್ದು ಅವರ ಪಳಗದ ಬಲಗೈ. ಒಂದು ಕಡೆ ಉಳಿತಾಯ, ಇನ್ನೊಂದು ಕಡೆ ನಷ್ಟ. ಬ್ರಿಟಿಷ್ ಸೈನ್ಯ 1887ರಲ್ಲಿ ಸ್ವೀಕರಿಸಿದ ವೆಬ್ಲಿ ರಿವಾಲ್ವರ್ ಎಡಕ್ಕೂ ಬಲಕ್ಕೂ ತೆರೆಯದೆ ನಡುವೆ ಕೆಳಕ್ಕೆ ಮಡಚುತ್ತದೆ; ಎರಡೂ ಕೈಗಳಿಗೆ ಸಮಾನ ಎಂದು ತೋರುತ್ತದೆ. ಆದರೂ ಅದರ ಚಿಲಕದ ಸನ್ನೆ ಎಡಮಗ್ಗುಲಲ್ಲಿ, ಮತ್ತೆ ಬಲಗೈ ಹೆಬ್ಬೆರಳಿಗೇ.

ಎರಡು ಕೈಗಳಲ್ಲಿ ಒಂದು ಇಲ್ಲವಾದರೆ? 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ದರೋಡೆಕೋರರೊಡನೆ ನಡೆದ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಸತ್ತು ಐವರು ಗಾಯಗೊಂಡರು. ರಿವಾಲ್ವರ್ ಹಿಡಿದಿದ್ದ ಒಬ್ಬರ ಬಲಗೈಗೆ ಪೆಟ್ಟಾಗಿ ಮತ್ತೆ ತುಂಬಲು ಆಗಲೇ ಇಲ್ಲ. ಎಫ್‌ಬಿಐ ರಿವಾಲ್ವರನ್ನು ಬಿಟ್ಟು ಅರೆಸ್ವಯಂಚಾಲಿತ ಪಿಸ್ತೂಲಿನತ್ತ ತಿರುಗಲು ಈ ಘಟನೆಯೂ ಕಾರಣ. ಒಂಟಿಗೈಯಲ್ಲಿ ತುಂಬುವ ತರಬೇತಿಯಲ್ಲಿ ಬಂದೂಕನ್ನು ಎರಡು ಮೊಣಕಾಲುಗಳ ನಡುವೆ ಅಥವಾ ಸೊಂಟಪಟ್ಟಿಯಲ್ಲಿ ಸಿಕ್ಕಿಸಲು ಕಲಿಸುತ್ತಾರೆ. ಹಿಡಿಯುವ ಕೈಯ ಕೆಲಸ ಎಷ್ಟು ದೊಡ್ಡದೆಂದು ಆಗ ಗೊತ್ತಾಗುತ್ತದೆ.

ನಿಮ್ಮ ರಸಾಯನ ಪ್ರಯೋಗಶಾಲೆಯಲ್ಲೂ ಇದೇ ಪ್ರಶ್ನೆ ಎತ್ತುವ ಸಾಧನವೊಂದಿದೆ. ಅದು ಬ್ಯೂರೆಟ್. ಅನುಮಾಪನ ಮಾಡುವಾಗ ಬ್ಯೂರೆಟ್ಟಿನ ನಲ್ಲಿಯನ್ನು ಎಡಗೈಯಿಂದ ತಿರುಗಿಸಿ, ಬಲಗೈಯಿಂದ ಫ್ಲಾಸ್ಕ್ ಅಲುಗಿಸಿ ಎಂದು ಕಲಿಸುತ್ತೇವೆ. ನಲ್ಲಿಯೇ ನಾಜೂಕಿನದಲ್ಲವೇ, ಬಲಗೈಗೇಕೆ ಕೊಡಬಾರದು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಗಿಯಾರ್ ಅವರ ಮಾತಿನಲ್ಲಿ ನೋಡಿದರೆ ನಲ್ಲಿಯ ಚಲನೆ ವಿರಳ, ಅಲುಗಿಸುವುದು ಎಡೆಬಿಡದ ಚುರುಕಿನ ಚಲನೆ. ಇನ್ನೊಂದು ಸರಳ ಕಾರಣವೂ ಇದೆ. ನಲ್ಲಿಯ ಹಿಡಿ ಬಲಕ್ಕಿರುವಾಗ ಎಡಗೈ ಬೆರಳುಗಳು ಅದನ್ನು ಸುತ್ತುವರಿದು ಒಳಕ್ಕೆ ಎಳೆದುಕೊಂಡಿರುತ್ತವೆ, ಆದ್ದರಿಂದ ಗಾಜಿನ ಬಿರಡೆ ಸಡಿಲಗೊಂಡು ಸೋರುವುದಿಲ್ಲ. ಎಡಚ ವಿದ್ಯಾರ್ಥಿ ಎಡಗೈಯಿಂದ ಫ್ಲಾಸ್ಕ್ ಅಲುಗಿಸಿ ಬಲಗೈಯಿಂದ ನಲ್ಲಿ ತಿರುಗಿಸಲು ಹೊರಟರೆ ತಡೆಯಬೇಡಿ. ಬಿರಡೆ ಗಾಜಿನದಾದರೆ ಹೊರಕ್ಕೆ ಎಳೆಯದಂತೆ ಎಚ್ಚರಿಸಿ. ಟೆಫ್ಲಾನ್ ಬಿರಡೆಯಾದರೆ ಅದನ್ನು ನಟ್ಟು ಹಿಡಿದಿರುತ್ತದೆ, ಆ ಎಚ್ಚರಿಕೆಯೂ ಬೇಕಿಲ್ಲ.