ಮಕ್ಕಳೊಡನೆ ಪಟ್ಟಣಕ್ಕೆ ಹೋದಾಗ ಇಳಿದುಕೊಳ್ಳುವುದೆಲ್ಲಿ?

ತಿಥಿಯನ್ನು ಗೊತ್ತುಮಾಡದೆ ಬರುವವನೇ ಅತಿಥಿ ಎಂದು ಪ್ರಾಚೀನರು ಆ ಶಬ್ದಕ್ಕೆ ಅರ್ಥ ಹೇಳಿದರು. ಈಗಿನ ಅತಿಥಿಯಾದರೋ ತಿಥಿಯನ್ನು ಮಾತ್ರವಲ್ಲದೆ ಬರುವ ಗಂಟೆ, ಹೊರಡುವ ಗಂಟೆ, ಜೊತೆಗಿರುವವರ ಸಂಖ್ಯೆ, ಮಕ್ಕಳ ವಯಸ್ಸು ಇಷ್ಟನ್ನೂ ಮುಂಚಿತವಾಗಿ ತಿಳಿಸಿ, ಅನೇಕ ವೇಳೆ ಹಣವನ್ನೂ ಮುಂಚಿತವಾಗಿ ತೆತ್ತು ಬರಬೇಕಾಗಿದೆ. ಹಿಂದೆ ಪರಸ್ಥಳಕ್ಕೆ ಹೋದವರು ನಂಟರ ಮನೆಯಲ್ಲಿಯೋ ಛತ್ರದಲ್ಲಿಯೋ ಇಳಿದುಕೊಳ್ಳುತ್ತಿದ್ದರು. ಅಲ್ಲಿ ಮಕ್ಕಳ ಮೇಲೆ ಕಣ್ಣಿಡಲು ಹತ್ತಾರು ಜನರಿರುತ್ತಿದ್ದರು. ಈಗ ನಾಲ್ಕು ಗೋಡೆಗಳ ಒಂದು ಕೋಣೆ, ಅದಕ್ಕೊಂದು ಬೀಗದ ಕೈ, ದಣಿದ ತಾಯಿತಂದೆಗಳು, ಇಷ್ಟೇ. ಆದುದರಿಂದ ಆ ಕೋಣೆಯನ್ನು ಆರಿಸುವ ಕಾರ್ಯವು ಪ್ರವಾಸದ ಸಿದ್ಧತೆಗಳಲ್ಲೆಲ್ಲ ಮುಖ್ಯವಾದುದೆಂದು ನಾವು ಹೇಳುವೆವು.

ನಮ್ಮ ನಾಡಿನಲ್ಲಿ 'ಹೋಟಲು' ಎಂದರೆ ಕಾಫಿ ಕುಡಿಯುವ, ಊಟಮಾಡುವ ಸ್ಥಳವೆಂದೇ ಜನರ ರೂಢಿ. ತಂಗುವ ಸ್ಥಳವನ್ನು 'ಲಾಡ್ಜು' ಎನ್ನುವರು. ಎರಡೂ ಒಂದೇ ಕಟ್ಟಡದಲ್ಲಿರುವುದೂ ಉಂಟು, ಬೇರೆಬೇರೆಯಾಗಿರುವುದೂ ಉಂಟು. ತಂಗುವ ಸ್ಥಳವನ್ನೇ ಇಲ್ಲಿ ವಸತಿಗೃಹವೆಂದು ಕರೆದಿದ್ದೇವೆ. ಇದನ್ನು ಆರಿಸುವಾಗ ಗೃಹಸ್ಥರು ಸಾಮಾನ್ಯವಾಗಿ ನೋಡುವುದು ಎರಡನ್ನು: ಬಾಡಿಗೆ ಎಷ್ಟು, ಚಿತ್ರದಲ್ಲಿ ಹೇಗೆ ಕಾಣುವುದು. ಬಾಡಿಗೆಯನ್ನು ನೋಡಬಾರದೆಂದು ಯಾರೂ ಹೇಳರು. ಆದರೆ ಮುಂಭಾಗದ ಅಮೃತಶಿಲೆಯ ಹಾಸು, ತೂಗುದೀಪ, ಮೆತ್ತನೆಯ ಆಸನಗಳಿಂದ ಮಗುವಿಗೆ ಆಗುವ ಪ್ರಯೋಜನವೇನು? ಮಗುವಿಗೆ ಬೇಕಾದುದು ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ನಿದ್ದೆ, ಅಪಾಯವಿಲ್ಲದ ನೆಲ. ಈ ಮೂರನ್ನು ಕೊಡುವ ಮನೆಯೇ ಒಳ್ಳೆಯ ವಸತಿಗೃಹ. ಉಳಿದುದೆಲ್ಲ ಅಲಂಕಾರ.

ನಾವು ಉಪಾಧ್ಯಾಯರಾಗಿದ್ದ ಕಾಲದಲ್ಲಿ ವಿದ್ಯಾರ್ಥಿಗಳನ್ನು ಅನೇಕಾವರ್ತಿ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆವು. ಈಗ ಮೊಮ್ಮಕ್ಕಳೊಡನೆ ಹೋಗುತ್ತಿರುವೆವು. ಬಾಯಲ್ಲಿ ಹೇಳಿದ ನಿಯಮವು ಕಣ್ಣಿಗೆ ಕಟ್ಟಬೇಕಾದರೆ ಒಂದು ಊರಿನ ದೃಷ್ಟಾಂತ ಬೇಕು. ನಮ್ಮವರು ಮಕ್ಕಳನ್ನು ಕರೆದುಕೊಂಡು ಹೆಚ್ಚಾಗಿ ಹೋಗುವ ಮೈಸೂರನ್ನೇ ತೆಗೆದುಕೊಳ್ಳೋಣ.

ಸ್ಥಳ

ಮೈಸೂರಿನಲ್ಲಿ ಮಕ್ಕಳು ನೋಡಲು ಹಂಬಲಿಸುವ ಸ್ಥಳಗಳು ಒಂದಕ್ಕೊಂದು ಬಹು ದೂರವಿಲ್ಲ. ಅರಮನೆಯು ಊರ ನಡುವೆ ಇದೆ. ಅಲ್ಲಿಂದ ಸುಮಾರು ಎರಡು ಕಿಲೋಮೀಟರು ದೂರದಲ್ಲಿ 1892ರಲ್ಲಿ ಸ್ಥಾಪಿತವಾದ ಮೃಗಾಲಯವೂ, ಅದರ ನೆರೆಯಲ್ಲಿ ಕಾರಂಜಿ ಕೆರೆಯೂ ಇವೆ. ರೈಲ್ವೆ ನಿಲ್ದಾಣದ ಸಮೀಪದಲ್ಲಿ 1979ರಲ್ಲಿ ಪ್ರಾರಂಭವಾದ ರೈಲು ವಸ್ತುಸಂಗ್ರಹಾಲಯವಿದೆ. ಚಾಮುಂಡಿಬೆಟ್ಟ, ಕೃಷ್ಣರಾಜಸಾಗರಗಳು ಮಾತ್ರ ಊರ ಹೊರಗಿನವು. ಹೀಗಿರಲು ಬಾಡಿಗೆ ಅಗ್ಗವೆಂದು ಊರಾಚೆಯ ವರ್ತುಲ ರಸ್ತೆಯ ಪಕ್ಕದಲ್ಲಿ ಇಳಿದುಕೊಂಡವರಿಗೆ ಮಧ್ಯಾಹ್ನ ಮಗು ತೂಕಡಿಸಿದರೆ ಕೋಣೆಗೆ ಹಿಂದಿರುಗುವುದೇ ಒಂದು ಪ್ರಯಾಣವಾಗುವುದು. ಉಳಿಸಿದ ಹಣವು ಆಟೋರಿಕ್ಷಾದ ಬಾಡಿಗೆಗೆ ಹೋಗುವುದು; ಮಗುವಿನ ನಿದ್ದೆಯೂ ಅದರೊಡನೆ ಹೋಗುವುದು.

ಮೃಗಾಲಯದ ವಿಸ್ತಾರ ನೂರೈವತ್ತು ಎಕರೆಗೂ ಮಿಗಿಲು. ಅದನ್ನು ಸುತ್ತಿ ಬಂದ ಐದು ವರ್ಷದ ಮಗುವಿನ ಕಾಲಿನಲ್ಲಿ ಮತ್ತೊಂದು ಸ್ಥಳವನ್ನು ನೋಡುವ ಶಕ್ತಿ ಉಳಿಯದು. ಬೆಳಗ್ಗೆ ಒಂದು ಸ್ಥಳ, ಮಧ್ಯಾಹ್ನ ಕೋಣೆಯಲ್ಲಿ ಊಟ ಮತ್ತು ನಿದ್ದೆ, ಸಂಜೆ ಮತ್ತೊಂದು ಸ್ಥಳ. ಇದು ಮಕ್ಕಳ ಪ್ರವಾಸಕ್ರಮ. ಈ ಕ್ರಮವು ಸಾಧ್ಯವಾಗಬೇಕಾದರೆ ವಸತಿಗೃಹವು ನೋಡುವ ಸ್ಥಳಗಳಿಗೆ ಕಾಲು ಗಂಟೆಯ ದಾರಿಯೊಳಗಿರಬೇಕು. ಭಾನುವಾರ ಮತ್ತು ಸಾರ್ವಜನಿಕ ರಜಾದಿನಗಳ ಸಂಜೆ ಅರಮನೆಗೆ ಸುಮಾರು ಒಂದು ಲಕ್ಷ ದೀಪಗಳನ್ನು ಬೆಳಗಿಸುವರು. ದೀಪಗಳು ಆರಿದೊಡನೆ ಸಾವಿರಾರು ಜನ ಒಮ್ಮೆಗೇ ರಸ್ತೆಗೆ ಬರುವರು. ಆಗ ವಾಹನ ಸಿಗುವುದು ಕಷ್ಟ. ಅಂದು ನಡೆದೇ ಹಿಂದಿರುಗಬಲ್ಲಷ್ಟು ಹತ್ತಿರದಲ್ಲಿದ್ದವರೇ ಸುಖಿಗಳು.

ಹತ್ತಿರವೆಂದ ಮಾತ್ರಕ್ಕೆ ಸಾಲದು. ಬಸ್ ನಿಲ್ದಾಣದ ಅಥವಾ ಮಾರುಕಟ್ಟೆಯ ಎದುರಿಗೇ ಕಿಟಕಿಯಿದ್ದರೆ ಇರುಳೆಲ್ಲ ಗದ್ದಲ. ರಸ್ತೆಯ ಕಡೆಯ ಕೋಣೆ ಬೇಡ, ಹಿಂಭಾಗದ್ದು ಬೇಕೆಂದು ಮೊದಲೇ ಕೇಳತಕ್ಕದ್ದು. ಇನ್ನೆರಡು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಕಟ್ಟಡದಲ್ಲಿ ಮದ್ಯದಂಗಡಿ ಉಂಟೇ? ಇದ್ದರೆ ಕೋಣೆಗೆ ಹೋಗುವ ದಾರಿಯೂ ಅದರ ದಾರಿಯೂ ಒಂದೆಯೋ? ಕಲ್ಯಾಣಮಂಟಪ ಉಂಟೇ? ಇದ್ದರೆ ನಾವಿರುವ ದಿನ ಮದುವೆ ಗೊತ್ತಾಗಿದೆಯೋ? ಮಂಗಳವಾದ್ಯವು ಮಂಗಳಕರವೇ ಹೌದು. ಆದರೆ ಬೆಳಗಿನ ಜಾವ ನಾಲ್ಕು ಗಂಟೆಗೆ ಅದು ಮಲಗಿದ ಮಗುವಿಗೆ ಮಂಗಳಕರವಲ್ಲ.

ಕಾಲ

ಹುಬ್ಬಳ್ಳಿ, ಬಳ್ಳಾರಿಗಳ ಕಡೆಯಿಂದ ರಾತ್ರಿ ರೈಲಿನಲ್ಲಿ ಹೊರಟವರು ಬೆಳಗ್ಗೆ ಮೈಸೂರಿನಲ್ಲಿ ಇಳಿಯುವರು. ಅನೇಕ ವಸತಿಗೃಹಗಳು ಹೊಸಬರಿಗೆ ಕೋಣೆ ಕೊಡುವುದು ನಡುಹಗಲು 12 ಗಂಟೆಗೆ, ಕೆಲವು ಕಡೆ 2 ಗಂಟೆಗೆ. ಅಲ್ಲಿಯವರೆಗೆ ಮುಖ ತೊಳೆಯದ, ಸ್ನಾನವಿಲ್ಲದ ಮಕ್ಕಳನ್ನು ಮುಂಭಾಗದ ಆಸನಗಳಲ್ಲಿ ಕೂರಿಸಿಕೊಂಡು ಕಾಯುವ ತಾಯಂದಿರನ್ನು ನಾವು ಎಷ್ಟೋ ಸಾರಿ ಕಂಡಿದ್ದೇವೆ. ಕೆಲವು ಲಾಡ್ಜುಗಳಲ್ಲಿ ಬಂದ ಗಂಟೆಯಿಂದ 24 ಗಂಟೆಗಳ ಲೆಕ್ಕವಿರುವುದು. ರಾತ್ರಿ ರೈಲಿನವರಿಗೆ ಇದೇ ಅನುಕೂಲ. ಬೇಗ ಬಂದರೆ ಕೋಣೆ ದೊರೆಯುವುದೇ, ಅದಕ್ಕೆ ಹೆಚ್ಚು ಹಣವೆಷ್ಟು ಎಂಬುದನ್ನು ಹೊರಡುವ ಮುನ್ನ ಕೇಳಿಕೊಳ್ಳಬೇಕು.

ವಾರದ ದಿನವನ್ನೂ ಗಮನಿಸಬೇಕು. ಮೃಗಾಲಯಕ್ಕೆ ಸಾಮಾನ್ಯವಾಗಿ ಮಂಗಳವಾರ ರಜೆ. ಆನೆ, ಜಿರಾಫೆಗಳ ಆಸೆ ತೋರಿಸಿ ಕರೆತಂದ ಮಗುವನ್ನು ಮುಚ್ಚಿದ ಬಾಗಿಲಿನ ಮುಂದೆ ನಿಲ್ಲಿಸುವುದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ದಸರೆಯ ದಿನಗಳಲ್ಲಿ ಬಾಡಿಗೆ ಏರುವುದು, ರಸ್ತೆಗಳು ಮುಚ್ಚುವುವು, ಜನಸಂದಣಿ ಅಪಾರ. ಕೂಸುಗಳಿರುವ ಸಂಸಾರಗಳು ದಸರೆಯನ್ನು ಬಿಟ್ಟು ಬೇರೊಂದು ವೇಳೆ ಹೋದರೆ ಅದೇ ಹಣಕ್ಕೆ ಹೆಚ್ಚು ನೆಮ್ಮದಿಯನ್ನು ಪಡೆಯುವರು.

ಕೋಣೆಯ ಪರೀಕ್ಷೆ

ಹಣ ಕೊಡುವ ಮುನ್ನ, ಇಲ್ಲವೇ ಹಣ ಮೊದಲೇ ಸಂದಿದ್ದರೆ ಪೆಟ್ಟಿಗೆಗಳನ್ನು ಬಿಚ್ಚುವ ಮುನ್ನ, ಕೋಣೆಯನ್ನು ನೋಡತಕ್ಕದ್ದು. ನಿಂತು ನೋಡಿದರೆ ಸಾಲದು. ನೆಲದ ಮೇಲೆ ಕುಳಿತು ಸುತ್ತಲೂ ನೋಡಬೇಕು. ನಿಂತವನಿಗೆ ಕಾಣದ ಎಷ್ಟೋ ಸಂಗತಿಗಳು ಕುಳಿತವನಿಗೆ ಕಾಣುವುವು: ಮಗುವಿನ ಕೈಗೆ ಎಟಕುವ ವಿದ್ಯುತ್ತಿನ ರಂಧ್ರ, ಮೇಜಿನಿಂದ ಜೋತುಬಿದ್ದಿರುವ ಕಾಫಿ ಕೆಟಲಿನ ತಂತಿ, ಗಾಜಿನ ಮೇಜಿನ ಚೂಪಾದ ಮೂಲೆ, ಕಿಟಕಿಗೆ ಅಂಟಿಸಿದ ಮಂಚ. ಮಂಚವು ಕಿಟಕಿಯ ಕೆಳಗಿದ್ದರೆ ಮಗುವಿಗೆ ಅದೇ ಏಣಿ. ಮಹಡಿಯ ಮೊಗಸಾಲೆಯ ಕಂಬಿಗಳ ನಡುವೆ ಮಗುವಿನ ತಲೆ ತೂರುವಷ್ಟು ಅಂತರವಿದ್ದರೆ, ಅಥವಾ ಕಂಬಿಗಳು ಅಡ್ಡಡ್ಡಲಾಗಿದ್ದು ಹತ್ತಲು ಅನುಕೂಲವಾಗಿದ್ದರೆ, ಬೇರೆ ಕೋಣೆಯನ್ನು ಕೇಳುವುದೇ ಬುದ್ಧಿವಂತಿಕೆ.

ಸ್ನಾನದ ಮನೆಯನ್ನು ವಿಶೇಷವಾಗಿ ನೋಡಬೇಕು. ಒಳಗಿನ ಅಗುಳಿಯನ್ನು ಮಗು ಹಾಕಿಕೊಂಡರೆ ಹೊರಗಿನಿಂದ ತೆಗೆಯಬಹುದೇ? ನೆಲ ಜಾರುವುದೇ? ಬಿಸಿನೀರಿನ ನಲ್ಲಿಯನ್ನು ತಿರುಗಿಸಿದೊಡನೆ ಎಷ್ಟು ಬಿಸಿ ಬರುವುದು? 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರು ಮಗುವಿನ ಎಳೆಯ ಚರ್ಮವನ್ನು ಕೆಲವೇ ಸೆಕೆಂಡುಗಳಲ್ಲಿ ಸುಡಬಲ್ಲುದು. ಆದುದರಿಂದ ಮೊದಲು ತಣ್ಣೀರನ್ನು ಬಕೆಟ್ಟಿಗೆ ಬಿಟ್ಟು, ಆಮೇಲೆ ಬಿಸಿನೀರನ್ನು ಬೆರೆಸುವ ವಾಡಿಕೆಯನ್ನು ಇಟ್ಟುಕೊಳ್ಳಬೇಕು. ತುಂಬಿದ ಬಕೆಟ್ಟನ್ನು ಕೂಸಿನ ಬಳಿ ಬಿಡಕೂಡದು. ಮನೆಯನ್ನೇ ಬಾಡಿಗೆಗೆ ಕೊಡುವ 'ಹೋಂಸ್ಟೇ'ಗಳಲ್ಲಿ ಇಳಿದುಕೊಳ್ಳುವವರು ನೀರು ಕಾಯಿಸುವುದು ವಿದ್ಯುತ್ತಿನಿಂದಲೋ ಗ್ಯಾಸಿನಿಂದಲೋ ಎಂದು ವಿಚಾರಿಸಬೇಕು. ಗಾಳಿಯಾಡದ ಸ್ನಾನದ ಮನೆಯ ಒಳಗೇ ಗ್ಯಾಸ್ ಗೀಸರ್ ಇದ್ದರೆ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಅಲ್ಲಿ ತುಂಬಿ ಪ್ರಾಣಾಪಾಯವಾಗಬಹುದು.

ಕಿಟಕಿಗೆ ಸೊಳ್ಳೆಯ ಬಲೆ ಉಂಟೇ ಎಂಬುದು ಸಣ್ಣ ಪ್ರಶ್ನೆಯಂತೆ ತೋರಬಹುದು. ಡೆಂಗೆ ಜ್ವರವನ್ನು ಹರಡುವ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಮಕ್ಕಳು ಮಲಗುವುದೂ ಹಗಲಿನಲ್ಲಿ. ಇಷ್ಟು ನೆನಪಿಟ್ಟರೆ ಪ್ರಶ್ನೆಯು ಸಣ್ಣದಲ್ಲವೆಂದು ತಿಳಿಯುವುದು.

ಹೊರಬರುವ ದಾರಿ

ಈಗ ಹೇಳುವ ವಿಷಯವು ಅಪ್ರಿಯವಾದರೂ ಹೇಳದೆ ಬಿಡಲಾಗದು. 2025ನೆಯ ಏಪ್ರಿಲ್ 29ರ ರಾತ್ರಿ ಕಲ್ಕತ್ತೆಯ ಬಡಾಬಜಾರಿನ ಒಂದು ವಸತಿಗೃಹದಲ್ಲಿ ಬೆಂಕಿ ಬಿದ್ದು 14 ಜನ ಮೃತರಾದರು. ಅವರಲ್ಲಿ ತಮಿಳುನಾಡಿನಿಂದ ಪ್ರವಾಸ ಹೋಗಿದ್ದ ಒಂದು ಸಂಸಾರದ ಇಬ್ಬರು ಮಕ್ಕಳೂ ಇದ್ದರು. 2019ನೆಯ ಫೆಬ್ರವರಿ 12ರಂದು ದೆಹಲಿಯ ಕರೋಲ್‌ಬಾಗಿನ ವಸತಿಗೃಹವೊಂದರಲ್ಲಿ ಇಂತಹುದೇ ದುರಂತವು 17 ಜನರನ್ನು ಬಲಿತೆಗೆದುಕೊಂಡಿತು. ಇಂತಹ ಕಡೆಗಳಲ್ಲಿ ಜನರನ್ನು ಕೊಲ್ಲುವುದು ಜ್ವಾಲೆಗಿಂತ ಹೆಚ್ಚಾಗಿ ಹೊಗೆ. ಮೈಸೂರಿನ ಹಳೆಯ ಮರದ ಅರಮನೆಯೇ 1897ರಲ್ಲಿ ಬೆಂಕಿಗೆ ಆಹುತಿಯಾಯಿತು. ಈಗ ನಾವು ನೋಡುವುದು 1912ರಲ್ಲಿ ಪೂರ್ಣವಾದ ಹೊಸ ಅರಮನೆ. ಅಗ್ನಿಗೆ ಅರಮನೆಯೂ ಒಂದೇ, ಲಾಡ್ಜೂ ಒಂದೇ.

ಆದುದರಿಂದ ಮಕ್ಕಳಿರುವವರು ಕೆಳಗಿನ ಮಹಡಿಗಳಲ್ಲಿಯೇ ಕೋಣೆಯನ್ನು ಕೇಳಬೇಕು. ಮೆಟ್ಟಿಲು ಎರಡು ಕಡೆ ಉಂಟೇ ಎಂದು ನೋಡಬೇಕು. ಆ ಬಾಗಿಲುಗಳಿಗೆ ಬೀಗ ಹಾಕಿದ್ದರೆ, ಮೆಟ್ಟಿಲಿನ ಮೇಲೆ ಹಾಸಿಗೆ, ಪೆಟ್ಟಿಗೆಗಳನ್ನು ಪೇರಿಸಿದ್ದರೆ, ಕಿಟಕಿಗಳನ್ನು ಇಟ್ಟಿಗೆಯಿಂದಲೋ ತೆರೆಯದ ಗಾಜಿನಿಂದಲೋ ಮುಚ್ಚಿದ್ದರೆ, ಅಂತಹ ಮನೆಯನ್ನು ಬಾಡಿಗೆ ಎಷ್ಟೇ ಕಡಿಮೆಯಾಗಲಿ ಬಿಟ್ಟುಬಿಡಬೇಕು. ಕೋಣೆ ಸೇರಿದ ದಿನವೇ ಮಕ್ಕಳ ಕೈ ಹಿಡಿದು ಮೆಟ್ಟಿಲಿನವರೆಗೆ ನಡೆದು, ನಮ್ಮ ಬಾಗಿಲಿನಿಂದ ಅಲ್ಲಿಗೆ ಎಷ್ಟು ಬಾಗಿಲುಗಳಿವೆಯೆಂದು ಅವರಿಂದಲೇ ಎಣಿಸಬೇಕು. ಹೊಗೆಯಲ್ಲಿ ಕಣ್ಣು ಕಾಣದು, ಎಣಿಕೆ ನೆನಪಿರುವುದು. ಬೆಂಕಿಯಾದಾಗ ಲಿಫ್ಟನ್ನು ಹತ್ತಬಾರದು, ಹೊಗೆ ತುಂಬಿದರೆ ಬಗ್ಗಿ ನೆಲದ ಸಮೀಪದಲ್ಲಿ ಸಾಗಬೇಕು, ಸಹಾಯಕ್ಕೆ 112ಕ್ಕೆ ದೂರವಾಣಿ ಮಾಡಬೇಕು. ಇದನ್ನು ಆಟದಂತೆ ಕಲಿಸಿದರೆ ಮಕ್ಕಳು ಹೆದರುವುದಿಲ್ಲ. ನಾವು ಕಲಿಸಿದ ಮಕ್ಕಳಾರೂ ಹೆದರಲಿಲ್ಲ.

ಊಟ, ವೆಚ್ಚ

ವಸತಿಗೃಹದಲ್ಲಿಯೇ ಭೋಜನಶಾಲೆಯಿದ್ದರೆ ಉತ್ತಮ. ಇಲ್ಲದಿದ್ದರೆ ಇಡ್ಲಿ, ಮೊಸರನ್ನ ದೊರೆಯುವ ಹೋಟಲೊಂದು ರಸ್ತೆ ದಾಟದೆ ಹೋಗುವಷ್ಟು ಹತ್ತಿರದಲ್ಲಿರಬೇಕು. ರಾತ್ರಿ ಹತ್ತು ಗಂಟೆಗೆ ಹಾಲು ಬಿಸಿಮಾಡಿ ಕೊಡುವರೇ, ಕುದಿಸಿದ ನೀರು ಸಿಗುವುದೇ, ಒಗೆದ ಬಟ್ಟೆಯನ್ನು ಒಣಹಾಕಲು ಸ್ಥಳವುಂಟೇ ಎಂದು ಕೇಳಿಕೊಳ್ಳಬೇಕು. ಇವು ಗೃಹಿಣಿಯ ಪ್ರಶ್ನೆಗಳು. ಇವನ್ನು ಕೇಳದೆ ಯಜಮಾನರೊಬ್ಬರೇ ಕೋಣೆಯನ್ನು ನಿಶ್ಚಯಿಸಿಬಿಡುವುದು ನಮ್ಮಲ್ಲಿ ಬಹಳ ಕಾಲದಿಂದ ಬಂದ ಪದ್ಧತಿ. ಮನೆಯಲ್ಲಿ ಮಾಡುವ ದುಡಿಮೆಯನ್ನೇ ಆಕೆಯು ಅನುಕೂಲವಿಲ್ಲದ ಪರಸ್ಥಳದಲ್ಲಿ ಮಾಡಬೇಕಾಗಿ ಬಂದರೆ ಆ ಪ್ರವಾಸವು ಯಾರ ಸಂತೋಷಕ್ಕಾಗಿ? ವಸತಿಗೃಹವನ್ನು ಗೊತ್ತುಮಾಡುವಾಗ ಆಕೆಯ ಮಾತು ಮೊದಲು ನಡೆಯತಕ್ಕದ್ದು. ಅಜ್ಜಿ ತಾತಂದಿರು ಜೊತೆಗಿದ್ದರೆ ಅವರ ಮೊಣಕಾಲುಗಳ ಮಾತೂ ನಡೆಯಬೇಕು.

ಇನ್ನು ಹಣ. ಎಷ್ಟು ವಯಸ್ಸಿನವರೆಗೆ ಮಗುವಿಗೆ ಬಾಡಿಗೆಯಿಲ್ಲ, ಹೆಚ್ಚಿನ ಹಾಸಿಗೆಗೆ ಎಷ್ಟು, ಬೆಳಗಿನ ಉಪಾಹಾರವು ಬಾಡಿಗೆಯಲ್ಲಿಯೇ ಸೇರಿದೆಯೇ, ಸೇರಿದ್ದರೆ ಮಕ್ಕಳಿಗೂ ಉಂಟೇ, ಇವೆಲ್ಲ ಮನೆಯಿಂದ ಮನೆಗೆ ಬೇರೆಯಾಗುವುವು. ಉತ್ತರವನ್ನು ಬರೆವಣಿಗೆಯಲ್ಲಿ ಪಡೆದಿಟ್ಟುಕೊಳ್ಳಬೇಕು. 2025ನೆಯ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿಗಳವರೆಗಿನ ಕೋಣೆಗೆ ಜಿ.ಎಸ್.ಟಿ. ತೆರಿಗೆ ಶೇಕಡಾ 5, ಅದಕ್ಕೂ ಮೇಲ್ಪಟ್ಟುದಕ್ಕೆ ಶೇಕಡಾ 18. ಹೇಳಿದ ದರದಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ ಎಂದು ಕೇಳಬೇಕು. ಊಟದ ಬಿಲ್ಲಿಗೆ 'ಸರ್ವಿಸ್ ಚಾರ್ಜ್' ಎಂಬುದನ್ನು ತಾವಾಗಿಯೇ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ನೆಯ ಜುಲೈ 4ರಂದು ವಿಧಿಸಿತು. ದೆಹಲಿಯ ಉಚ್ಚ ನ್ಯಾಯಾಲಯವು 2025ನೆಯ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ಪ್ರಯಾಣವನ್ನು ರದ್ದುಮಾಡಿದರೆ ಹಣ ಹಿಂದಿರುಗುವುದೇ ಎಂಬುದು ಕೊನೆಯ ಪ್ರಶ್ನೆ. ಮಕ್ಕಳಿರುವ ಮನೆಯಲ್ಲಿ ಜ್ವರವು ಹೇಳಿ ಕೇಳಿ ಬರುವುದಿಲ್ಲ. ಹಣ ಹಿಂದಿರುಗದ ಅಗ್ಗದ ದರಕ್ಕಿಂತ, ಹಿಂದಿರುಗುವ ತುಸು ಹೆಚ್ಚಿನ ದರವೇ ಸಂಸಾರಿಗಳಿಗೆ ಲೇಸು.

ಇಷ್ಟೊಂದು ಪ್ರಶ್ನೆಗಳನ್ನು ಕೇಳಿದರೆ ಅವರು ಬೇಸರಪಡುವುದಿಲ್ಲವೇ ಎಂದು ಕೆಲವರು ಶಂಕಿಸಬಹುದು. ಬೇಸರಪಡುವವರು ನಮಗೆ ಬೇಡವೇ ಬೇಡ. ಮಕ್ಕಳ ವಿಷಯವೆಂದೊಡನೆ ತಾಳ್ಮೆಯಿಂದ ಉತ್ತರ ಹೇಳುವ ಗುಮಾಸ್ತೆಯು ಇರುವ ವಸತಿಗೃಹದಲ್ಲಿ, ನಡುರಾತ್ರಿ ಮಗು ಅತ್ತಾಗ ಬಾಗಿಲು ತಟ್ಟಿ ವಿಚಾರಿಸುವ ಜನರೂ ಇರುವರು. ದೂರವಾಣಿಯಲ್ಲಿ ಐದು ನಿಮಿಷ ಮಾತನಾಡಿದರೆ, ಐವತ್ತು ಚಿತ್ರಗಳು ತಿಳಿಸದ ಸಂಗತಿಯು ತಿಳಿದುಬರುವುದು. ವಾಚಕರು ಮುಂದಿನ ರಜೆಗೆ ಹೊರಡುವ ಮುನ್ನ ಈ ಪ್ರಶ್ನೆಗಳನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಲಿ. ಅವರ ಮಕ್ಕಳು ಅರಮನೆಯ ದೀಪಗಳನ್ನೂ ಮೃಗಾಲಯದ ಆನೆಗಳನ್ನೂ ನಿದ್ದೆ ತುಂಬಿದ, ಹೊಟ್ಟೆ ತುಂಬಿದ ಉಲ್ಲಾಸದಿಂದ ನೋಡಿ, ಸುಖವಾಗಿ ಮನೆಗೆ ಹಿಂದಿರುಗಲಿ.